ಒಂದೂವರೆ ಇಂಚಿನ ಲೆಕ್ಕ

ತುಮಕೂರಿನ ನಮ್ಮ ಮನೆಯ ಜಗಲಿ ಅಂಗಳದಿಂದ ಎರಡು ಅಡಿ ನಾಲ್ಕು ಇಂಚು ಎತ್ತರವಿದೆ. ಇದನ್ನು ನಾನು ಅಳೆದದ್ದು ಹೋದ ವರ್ಷ, ನನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಬ್ಲೌಸ್ ಅಳತೆಯ ಟೇಪು ಹಿಡಿದು. ಅದಕ್ಕೆ ಮುಂಚೆ ಎಷ್ಟೋ ವರ್ಷ ಆ ಜಗಲಿಯ ಮೇಲೆ ಕೂತು ಎಂಟನೇ ಕ್ಲಾಸಿನ ಮ್ಯಾಥ್ಸ್ ಪೇಪರ್ ತಿದ್ದಿದ್ದೇನೆ, ಅವರೆಕಾಯಿ ಸುಲಿದಿದ್ದೇನೆ, ಬಿಸಿಲಿಗೆ ಕೂದಲು ಹರವಿಕೊಂಡಿದ್ದೇನೆ. ಅದರ ಎತ್ತರ ತಿಳಿಯುವ ಅಗತ್ಯ ಬಿದ್ದಿರಲಿಲ್ಲ. ಬಿದ್ದದ್ದು ನಮ್ಮ ಜೀಪಿಗೆ ದೊಡ್ಡ ಟೈರ್ ಹಾಕಿಸಿದ ಮಾರನೆಯ ದಿನ.

ಜೀಪಿನ ವಿಷಯ ಮೊದಲು ಹೇಳಿಬಿಡಬೇಕು. ನನ್ನ ಯಜಮಾನರು ಸರ್ಕಾರಿ ಇಂಜಿನಿಯರ್ ಆಗಿದ್ದವರು. ಮದುವೆಯಾದ ಹೊಸದರಲ್ಲಿ ಅವರಿಗೆ ಕುಣಿಗಲ್ ಪೋಸ್ಟಿಂಗ್. ಬೇಸಿಗೆಯಲ್ಲಿ ದೊಡ್ಡ ಕೆರೆಯ ನೀರು ಹಿಂದೆ ಸರಿದು ಅಂಚಿನ ನೆಲ ಒಣಗಿ ಗಟ್ಟಿಯಾದಾಗ, ಭಾನುವಾರ ಸಾಯಂಕಾಲ, ಡಿಪಾರ್ಟ್‌ಮೆಂಟಿನ ಜೀಪಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದರು. ಸರ್ಕಾರದ ಎಣ್ಣೆಯಲ್ಲಿ ಹೆಂಡತಿಗೆ ಪಾಠ! ಕಾನ್ವೆಂಟ್ ಸ್ಕೂಲಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನನಗೆ ಅದೊಂದು ಸಿನ್, ಪಾಪ ಎಂದೇ ಅನಿಸುತ್ತಿತ್ತು. ಆದರೂ ಭಾನುವಾರ ಬರುವುದನ್ನೇ ಕಾಯುತ್ತಿದ್ದೆ. ಆಮೇಲೆ ಎಷ್ಟೋ ವರ್ಷಕ್ಕೆ, ಅಂಥದ್ದೇ ಒಂದು ಹಳೆಯ ಜೀಪು ಹರಾಜಿಗೆ ಬಂದಾಗ ಕೂಗಿ ಮನೆಗೆ ತಂದರು. ಗುಬ್ಬಿ ದಾಟಿ, ಹಾಗಲವಾಡಿ ಕಡೆ ಅವರ ಪಾಲಿಗೆ ಬಂದ ತೆಂಗಿನ ತೋಟ ಮತ್ತು ಒಂದಿಷ್ಟು ರಾಗಿ ಹೊಲ ಇದೆ. ಹದಿನೈದು ದಿನಕ್ಕೊಮ್ಮೆ ನಾವು ಅಲ್ಲಿಗೆ ಹೋಗಿ ಬರುವುದು ಆ ಜೀಪಿನಲ್ಲೇ. ನಮ್ಮ ಗೇಟಿನಿಂದ ತೋಟದ ಗೇಟಿಗೆ ಸರಿಯಾಗಿ ನಲವತ್ತೆಂಟು ಕಿಲೋಮೀಟರ್. ವಾಪಸ್ ಬಂದ ಕೂಡಲೇ ಅವರು ‘ಎಷ್ಟಾಯ್ತು?’ ಎನ್ನುತ್ತಿದ್ದರು, ನಾನು ಮೀಟರ್ ನೋಡಿ ‘ತೊಂಬತ್ತಾರು’ ಎನ್ನುತ್ತಿದ್ದೆ. ದೇವರಿಗೆ ದೀಪ ಹಚ್ಚಿದ ಹಾಗೆ ಅದೊಂದು ರೊಟೀನ್.

ಜೀಪು ಬಂದ ವರ್ಷವೇ ಅದಕ್ಕೆ ಎರಡು ಮೆಟ್ಟಿಲು ಬಂದವು. ಸೀರೆ ಉಟ್ಟು ಅಷ್ಟೆತ್ತರ ಹತ್ತಲು ನನಗೆ ಕಷ್ಟವಾಗುತ್ತದೆಂದು, ನಮ್ಮ ಮೆಕ್ಯಾನಿಕ್ ಡ್ರೈವರ್ ಬಾಗಿಲ ಕೆಳಗೆ ಒಂದು ಕಬ್ಬಿಣದ ಪಟ್ಟಿಯನ್ನು ವೆಲ್ಡ್ ಮಾಡಿಕೊಟ್ಟ. ಜೋಡಿ ಇರಲಿ ಎಂದು ಎಡಗಡೆಗೂ ಒಂದು. ಈ ಮೆಕ್ಯಾನಿಕ್‌ನ ವರ್ಕ್‌ಶಾಪ್ ಹಿರೇಹಳ್ಳಿ ಕಡೆ ಇದೆ. ಅವನ ಇಬ್ಬರು ಮಕ್ಕಳೂ ನನ್ನ ಕ್ಲಾಸಿನಲ್ಲಿ ಓದಿದವರು. ಹಾಗಾಗಿ ಯಜಮಾನರು ಅವನಿಗೆ ಸಾರ್, ನಾನು ಮಿಸ್. ಮೂವತ್ತು ವರ್ಷದಲ್ಲಿ ಅವನು ನನ್ನನ್ನು ಮೇಡಂ ಎಂದು ಕರೆದದ್ದೇ ಇಲ್ಲ.

ಎಂಟು ವರ್ಷದ ಹಿಂದೆ ಯಜಮಾನರಿಗೆ ಶುಗರ್ ಕಣ್ಣಿಗೆ ಬಂತು. ಎದುರಿಗೆ ಬರುವ ಬೈಕ್ ಕಾಣಿಸದೆ ಎರಡು ಸಲ ಗಕ್ಕನೆ ಬ್ರೇಕ್ ಹಾಕಿದರು. ಮನೆಗೆ ಬಂದು ನಾನು ಅವರ ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, “ರೀ, ನಿಮಗೆ ಕಾಣ್ತಿಲ್ಲ. ಇನ್ನು ಓಡಿಸ್ಬೇಡಿ,” ಎಂದೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟದ ಪಕ್ಕದಲ್ಲಿ ಜೀಪಿನ ಕೀ ಇಟ್ಟು, “ತಗೋ, ಇನ್ಮೇಲೆ ನೀನೇ,” ಎಂದರು. ಅವತ್ತಿನಿಂದ ಅವರು ಎಡಗಡೆ ಸೀಟು, ನಾನು ಬಲಗಡೆ ಸೀಟು. ಅವರಿಗೆ ಮೊಣಕಾಲು ಹಿಡಿದುಕೊಂಡ ಮೇಲೆ ಎಡಗಡೆಯ ಮೆಟ್ಟಿಲೂ ಉಪಯೋಗಕ್ಕೆ ಬಂತು. ಹಾಗಲವಾಡಿ ಕಡೆಯ ಹೆಂಗಸರು ನನ್ನನ್ನು ಜೀಪಮ್ಮ ಎಂದು ಕರೆಯತೊಡಗಿದರು. ನನಗೆ ಇಡೀ ಜೀವನದಲ್ಲಿ ಸಿಕ್ಕ ಒಂದೇ ಟೈಟಲ್ ಅದು. ಬೆಸ್ಟ್ ಟೀಚರ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದೇನೆ, ಆದರೆ ನಾನು ಒಳಗೊಳಗೇ ಹಿಗ್ಗುತ್ತಿದ್ದದ್ದು ಈ ಹೆಸರಿಗೆ.

ಹೋದ ವರ್ಷದ ಆರಂಭದಲ್ಲಿ ಕುಣಿಗಲ್‌ನಲ್ಲಿ ಅವರ ತಂಗಿಯ ಮಗನ ಗೃಹಪ್ರವೇಶ. ಒಬ್ಬಟ್ಟಿನ ಊಟ. ಬೇಡ ಬೇಡವೆಂದರೂ ಎರಡನೆಯದನ್ನೂ ಬಡಿಸಿದರು, ನಾನೂ ತಿಂದೆ. ಊಟ ಮುಗಿಸಿ ಮಧ್ಯಾಹ್ನದ ಬಿಸಿಲಲ್ಲಿ ಹೊರಟೆವು. ಹೊಸಬಳಾಗಿ ಡ್ರೈವಿಂಗ್ ಕಲಿತ ಕೆರೆಯನ್ನು ಒಂದು ಸಲ ನೋಡಿ ಹೋಗೋಣವೆಂದು ನಾನೇ ಏರಿಯ ಮೇಲಿನ ದಾರಿ ಹಿಡಿದೆ. ಕೆರೆ ತುಂಬಿತ್ತು. ಅದರ ಬೆಳಕು ಕಣ್ಣಿಗೆ ಬಡಿಯುತ್ತಿದ್ದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ನೆನಪು ಮತ್ತೆ ಶುರುವಾಗುವುದು ನನ್ನ ಕೈಯ ಮೇಲೆ ಅವರ ಕೈ ಬಿದ್ದಲ್ಲಿಂದ. ಸ್ಟೇರಿಂಗ್ ಅವರು ಎಳೆದಿದ್ದರು. ಜೀಪು ಟಾರಿನಿಂದ ಇಳಿದು, ಎಡಗಡೆಯ ಮುಂದಿನ ಟೈರ್ ಅಂಚಿನ ಕಲ್ಲಿಗೆ ಒತ್ತಿಕೊಂಡು ನಿಂತಿತ್ತು. ಕಲ್ಲಿನಾಚೆ ನೀರು.

ಯಾರಿಗೂ ಏನೂ ಆಗಲಿಲ್ಲ. ನಮ್ಮ ಹಿಂದೆ ಬರುತ್ತಿದ್ದವರೂ ಇರಲಿಲ್ಲ. ನೀರುಕೋಳಿಗಳು ತಮ್ಮ ಪಾಡಿಗೆ ತಾವು ಮುಳುಗಿ ಏಳುತ್ತಿದ್ದವು. ಕಡೆಗೆ ನಾನು, ಇದನ್ನು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡೆ. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ‘ವಯಸ್ಸಾಯ್ತು’ ಎಂಬ ಒಂದೇ ಮಾತು, ಎಲ್ಲರ ಬಾಯಲ್ಲೂ, ಎಲ್ಲದಕ್ಕೂ ಉತ್ತರವಾಗಿ ಬರುತ್ತದೆ. ಅವರು ತಮ್ಮ ಬಲಗೈಯನ್ನು ಸ್ಟೇರಿಂಗ್ ಮೇಲಿಟ್ಟು, “ಸ್ಟೇರಿಂಗ್ ಆಣೆ ಕಣೇ. ಈ ಗಾಡಿಯಿಂದ ಆಚೆ ಹೋಗಲ್ಲ,” ಎಂದರು. ದೇವರಾಣೆ, ಭೂಮ್ತಾಯಾಣೆ ಎಲ್ಲ ಕೇಳಿದ್ದೆ. ಸ್ಟೇರಿಂಗ್ ಆಣೆ ಅವತ್ತೇ ಕೇಳಿದ್ದು. ನನಗೆ ನಗು ಬಂತು. ನಕ್ಕಮೇಲೆ ಅಳುವೂ ಬಂತು.

ಅಂದಿನಿಂದ ನಾನೇ ಕೆಲವು ರೂಲ್ಸ್ ಮಾಡಿಕೊಂಡೆ. ಊಟದ ಮೇಲೆ ಗಾಡಿ ಮುಟ್ಟುವುದಿಲ್ಲ. ಹೈವೇ ಹಿಡಿಯುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ಹನ್ನೊಂದರೊಳಗೆ ಮನೆ ಸೇರಬೇಕು. ಇದನ್ನೆಲ್ಲ ಅವರಿಗೆ ಹೇಳಿದೆ ಕೂಡ. ಅವರು ‘ಹೂಂ’ ಎಂದರು. ಆ ಹೂಂ ಒಪ್ಪಿಗೆಯೆಂದು ನಾನು ತಿಳಿದೆ.

ಇದಾಗಿ ಎರಡು ತಿಂಗಳಿಗೆ ತೋಟದ ದಾರಿ ಕೆಟ್ಟಿತು. ಪೈಪ್ ಹೂಳಲು ಅಗೆದು ಸರಿಯಾಗಿ ಮುಚ್ಚದೆ ಹೋಗಿದ್ದರು. ಅದರ ಮೇಲೆ ಕಾಯಿ ತುಂಬಿದ ಲಾರಿಗಳು ಓಡಾಡಿ ಎರಡು ಕಡೆ ಗಾಲಿಯ ಹಳ್ಳ, ನಡುವೆ ದಿಬ್ಬ. ಆ ದಿಬ್ಬಕ್ಕೆ ಜೀಪಿನ ಹೊಟ್ಟೆ ತಾಗಿ ಕರಕರ ಎನ್ನುತ್ತಿತ್ತು. ಒಂದು ದಿನ ತೋಟದಿಂದ ಬರುವಾಗ ಅವರು ಇದ್ದಕ್ಕಿದ್ದಂತೆ, “ದೊಡ್ಡ ಟೈರ್ ಹಾಕ್ಸೋಣ ಕಣೇ. ಗಾಡಿ ಮೇಲೆ ಬರುತ್ತೆ,” ಎಂದರು.

ಹಾಕ್ಸೋಣ. ಆ ಮಾತಿನ ಕೊನೆಯ ‘ಓಣ’ದಲ್ಲಿ ನಾನೂ ಇದ್ದೇನೆಂದುಕೊಂಡೆ. ನನ್ನ ರೂಲ್ಸ್ ಅವರಿಗೆ ಒಪ್ಪಿಗೆಯಾಗಿದೆ, ಇನ್ನೂ ಕೆಲವು ವರ್ಷ ನಾನು ಓಡಿಸಲಿ ಎಂದು ಈ ಏರ್ಪಾಡು ಎಂದುಕೊಂಡೆ. ಆ ವಯಸ್ಸಿನಲ್ಲಿ ರೇಷ್ಮೆ ಸೀರೆ ಕೊಡಿಸುತ್ತೇನೆಂದಿದ್ದರೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಮೆಕ್ಯಾನಿಕ್ ಮನೆಗೆ ಬಂದಾಗ ನಾನೇ ಜಗಲಿಯ ಮೇಲೆ ಅವನನ್ನು ಕೂರಿಸಿ, ಹಳೆಯ ಟೈರ್ ಎಷ್ಟು, ಹೊಸದು ಎಷ್ಟು ಎಂದೆಲ್ಲ ಕೇಳಿದೆ. ಈಗಿರುವುದು ನೆಲದಿಂದ ಇಪ್ಪತ್ತೆಂಟು ಇಂಚು, ಹಾಕುವುದು ಮೂವತ್ತೊಂದು ಇಂಚಿನದು ಎಂದ. ಸ್ಟೇರಿಂಗ್ ಸ್ವಲ್ಪ ಭಾರವಾಗುತ್ತದೆ ಮಿಸ್, ಎಂದೂ ಹೇಳಿದ. ಪರವಾಗಿಲ್ಲ, ಚಪಾತಿ ಹಿಟ್ಟು ನಾದಿದ ಕೈ ಇದು ಎಂದೆ. ಅವನು ನಗಲಿಲ್ಲ. ಅದನ್ನು ನಾನು ಅವತ್ತೇ ಗಮನಿಸಬೇಕಿತ್ತು.

ಗಾಡಿ ನಾಲ್ಕು ದಿನ ವರ್ಕ್‌ಶಾಪಿನಲ್ಲಿತ್ತು. ನಾನೂ ಬಂದು ನೋಡುತ್ತೇನೆಂದರೆ ಯಜಮಾನರು ಬಿಸಿಲು, ಧೂಳು, ಅಲ್ಲಿ ನಿನಗೆ ಕೂರಲು ಜಾಗವಿಲ್ಲ ಎಂದು ತಪ್ಪಿಸಿದರು. ತಾವು ಮಾತ್ರ ಎರಡು ಸಲ ಆಟೋದಲ್ಲಿ ಹೋಗಿ ಬಂದರು.

ಐದನೆಯ ದಿನ ಜೀಪು ಬಂತು. ಬೀದಿಯ ತಿರುವಿನಲ್ಲಿ ಅದನ್ನು ಕಂಡಾಗ ಗುರುತೇ ಸಿಗಲಿಲ್ಲ. ನಮ್ಮ ಮನೆಯ ಹಸು ಹೋಗಿ ಗೂಳಿಯಾಗಿ ಬಂದ ಹಾಗಿತ್ತು. ಟೈರಿನ ಮೇಲೆ ಬೆರಳು ಹೋಗುವಷ್ಟು ಆಳದ ಕಚ್ಚುಗಳು, ಹೊಸ ರಬ್ಬರಿನ ವಾಸನೆ. ನಾನು ಮೊದಲೇ ಅರಿಶಿನ ಕುಂಕುಮ, ಹೂವು, ಕರ್ಪೂರ ಎಲ್ಲ ತಟ್ಟೆಯಲ್ಲಿ ಅಣಿ ಮಾಡಿಟ್ಟಿದ್ದೆ. ಪೂಜೆ ಮಾಡಿ, ಕಾಯಿ ಒಡೆದು, ನಾಲ್ಕು ಟೈರಿನ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟೆ. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವವರು ಯಾರು ಎಂಬುದು ನಮ್ಮ ಮನೆಯಲ್ಲಿ ಪ್ರಶ್ನೆಯಾಗಿರಲಿಲ್ಲ. ಪ್ರತಿ ಆಯುಧಪೂಜೆಗೂ, ಮೊದಲು ಅವರು, ಆಮೇಲೆ ನಾನು. ಯಾರು ಓಡಿಸುತ್ತಾರೋ ಅವರೇ.

ನೆರಿಗೆ ಎತ್ತಿ ಹಿಡಿದು, ಬಾಗಿಲ ಕಂಬಿಗೆ ಕೈಯಿಟ್ಟು, ಎಡಗಾಲು ಎತ್ತಿದೆ. ಕಾಲು ಗಾಳಿಯಲ್ಲಿ ಆಡಿತು. ನೋಡಿದೆ. ಮೆಟ್ಟಿಲು ಇರಲಿಲ್ಲ. ಇದ್ದ ಜಾಗದಲ್ಲಿ ಎರಡು ಕಪ್ಪು ಗುರುತು, ಅದರ ಮೇಲೆ ಹೊಸ ಪೇಂಟ್.

ಟೈರ್ ತಾಗುತ್ತಿತ್ತು ಮಿಸ್, ಅದಕ್ಕೇ ಕಟ್ ಮಾಡಿದೆವು ಎಂದ ಮೆಕ್ಯಾನಿಕ್, ಟೈರ್ ಕಡೆ ನೋಡುತ್ತ. ಇನ್ನೊಂದು ಸಲ ಪ್ರಯತ್ನಿಸಿದೆ. ಮೂರನೆಯ ಸಲ ಮಂಡಿ ಊರಿ ಹತ್ತಲು ಹೋಗಿ ಸೀರೆಯ ಅಂಚು ಸಿಕ್ಕಿಕೊಂಡಿತು. ಎದುರು ಮನೆಯವರು ಪ್ರಸಾದಕ್ಕೆಂದು ಗೇಟಿಗೆ ಬಂದು ನಿಂತಿದ್ದರು. ಯಜಮಾನರು ತೆಂಗಿನಕಾಯಿ ಹೋಳನ್ನು ಕೈಯಲ್ಲಿ ಹಿಡಿದು ಅದರೊಳಗೆ ಏನೋ ಬರೆದಿದೆ ಎಂಬಂತೆ ನೋಡುತ್ತಿದ್ದರು. “ಬುಡಿ ಮಿಸ್, ನಾನೇ ಹತ್ತುಸ್ತೀನಿ,” ಎಂದು ಮೆಕ್ಯಾನಿಕ್ ಒಂದೇ ನೆಗೆತಕ್ಕೆ ಸೀಟಿನಲ್ಲಿ ಕೂತ. ನಾಲ್ಕು ನಿಂಬೆಹಣ್ಣೂ ಪಚಕ್ಕೆಂದವು. ನಾನು ಎಲ್ಲರ ಎದುರಿಗೆ ನಗುತ್ತಲೇ ಪ್ರಸಾದ ಹಂಚಿದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅದನ್ನು, ಸ್ಮೈಲ್ ಫಸ್ಟ್, ಕ್ರೈ ಲೇಟರ್.

ಮಾರನೆಯ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಟೇಪು ತಗೊಂಡು ಹೊರಗೆ ಬಂದೆ. ಹಳೆಯ ಜೀಪಿನ ನೆಲ ನಮ್ಮ ಜಗಲಿಯ ಅಂಚಿಗಿಂತ ನಾಲ್ಕು ಇಂಚು ಕೆಳಗೆ ನಿಲ್ಲುತ್ತಿತ್ತು. ತೋಟದಿಂದ ತಂದ ಕಾಯಿ ಚೀಲವನ್ನು ಜೀಪಿನಿಂದ ಜಗಲಿಗೆ ಎಳೆಯುವಾಗ ಆ ನಾಲ್ಕು ಇಂಚು ಎತ್ತಿ ಎತ್ತಿ ನನ್ನ ಸೊಂಟಕ್ಕೆ ಅದರ ಪರಿಚಯವಿತ್ತು. ಈಗ ಅಳೆದರೆ ಜಗಲಿಯೂ ಎರಡು ಅಡಿ ನಾಲ್ಕು ಇಂಚು, ಜೀಪಿನ ನೆಲವೂ ಎರಡು ಅಡಿ ನಾಲ್ಕು ಇಂಚು. ಅಂದರೆ ಗಾಡಿ ನಾಲ್ಕು ಇಂಚು ಮೇಲೆ ಬಂದಿದೆ.

ಮೂವತ್ತು ವರ್ಷ ಮಕ್ಕಳಿಗೆ ವೃತ್ತದ ಪಾಠ ಮಾಡಿದವಳು ನಾನು. ಟೈರ್ ಮೂರು ಇಂಚು ದೊಡ್ಡದಾದರೆ ಗಾಡಿ ಮೂರು ಇಂಚು ಏರುವುದಿಲ್ಲ. ಗಾಲಿಯ ನಡುವಿನಿಂದ ನೆಲಕ್ಕೆ ಅರ್ಧ ಮಾತ್ರ. ಮೂರರಲ್ಲಿ ಅರ್ಧ, ಒಂದೂವರೆ. ಮಿಕ್ಕ ಎರಡೂವರೆ ಇಂಚು ಎಲ್ಲಿಂದ ಬಂತು?

ಮಂಡಿ ಊರಿ, ಬಗ್ಗಿ ಗಾಡಿಯ ಕೆಳಗೆ ನೋಡಿದೆ. ಸ್ಪ್ರಿಂಗ್ ಪಟ್ಟಿಗಳ ತುದಿಯನ್ನು ಹಿಡಿದುಕೊಳ್ಳುವ ಕಬ್ಬಿಣದ ಕೊಂಡಿಗಳು ಹೊಸವಾಗಿದ್ದವು, ಹಳೆಯದಕ್ಕಿಂತ ಉದ್ದವಾಗಿದ್ದವು. ಹೇಳದೆ ಮಾಡಿದ ಕೆಲಸ. ಮಾಡಿದ್ದನ್ನು ಹೇಳಿಕೊಳ್ಳದ ಮೆಕ್ಯಾನಿಕ್ ಇರುತ್ತಾನೆಯೇ? ಒಂದು ವಾಷರ್ ಬದಲಾಯಿಸಿದರೂ ಹಳೆಯದನ್ನು ಕೈಯಲ್ಲಿ ಹಿಡಿದು ತೋರಿಸುವ ಜಾತಿ ಅದು. ಎದ್ದು ಮುಂದಿನ ಗಾಲಿ ನೋಡಿದೆ. ಮೆಟ್ಟಿಲಿದ್ದ ಜಾಗಕ್ಕೂ ಟೈರಿಗೂ ನಡುವೆ ಎರಡು ಗೇಣು ಜಾಗ. ಸ್ಟೇರಿಂಗ್ ಎಷ್ಟೇ ತಿರುಗಿಸಿದರೂ ತಾಗುವ ಹಾಗಿಲ್ಲ. ಹಿಂದಕ್ಕೆ ಹೋಗಿ ಸ್ಟೆಪ್ನಿ ನೋಡಿದೆ. ಸ್ಟೆಪ್ನಿ ಹಳೆಯದೇ. ಇಪ್ಪತ್ತೆಂಟು ಇಂಚಿನದು. ದಾರಿಯಲ್ಲಿ ಪಂಕ್ಚರ್ ಆದರೆ ಆ ಚಿಕ್ಕ ಗಾಲಿಯನ್ನು ಈ ದೊಡ್ಡ ಗಾಲಿಗಳ ಜೊತೆ ಹಾಕಿದರೆ ಗಾಡಿ ಕುಂಟುತ್ತದೆ. ಅಂದರೆ ಈ ಗಾಡಿ ಇನ್ನು ದೂರ ಹೋಗುವುದಿಲ್ಲವೆಂದು ಯಾರೋ ತೀರ್ಮಾನ ಮಾಡಿದ್ದಾರೆ.

ಆಟೋ ಹಿಡಿದು ಹಿರೇಹಳ್ಳಿಗೆ ಹೋದೆ. ಮೆಕ್ಯಾನಿಕ್ ಟ್ರಾಕ್ಟರ್ ಕೆಳಗಿದ್ದವನು ಎದ್ದು ಬಂದು, ಕೈ ಒರೆಸಿಕೊಂಡು, ನನಗೊಂದು ಸ್ಟೂಲ್ ಹಾಕಿದ. ಗಾಡಿ ಎಷ್ಟು ಏರಿದೆ ಎಂದು ಕೇಳಿದೆ.

“ಮೂರ್ ಇಂಚ್ ದೊಡ್ ಟೈರಲ್ವಾ ಮಿಸ್. ಮೂರ್ ಇಂಚ್ ಮೇಲ್ ಬಂದಿರ್ತದೆ.”

“ನಿನ್ನ ಮಗಳಿಗೆ ಇದೇ ಲೆಕ್ಕಕ್ಕೆ ನೂರಕ್ಕೆ ನೂರು ಕೊಟ್ಟಿದೀನಿ ಕಣಪ್ಪ. ಅವಳನ್ನ ಕೇಳು, ಒಂದೂವರೆ ಅಂತಾಳೆ. ನಾನು ಅಳೆದಿದೀನಿ, ನಾಲ್ಕು ಬಂದಿದೆ. ಉದ್ದ ಕೊಂಡಿ ಹಾಕಿದ್ದು ಯಾಕೆ? ಮೆಟ್ಲು ಕೊಯ್ದಿದ್ದು ಯಾಕೆ?”

ಅವನು ಕೈಯಲ್ಲಿದ್ದ ಬಟ್ಟೆಯನ್ನು ಸುರುಳಿ ಸುತ್ತಿದ, ಬಿಚ್ಚಿದ. ಸಾರ್ ಅವರನ್ನೇ ಕೇಳಿ ಎಂದ. ಸಾರ್ ಅವರನ್ನು ಮನೆಯಲ್ಲಿ ಕೇಳುತ್ತೇನೆ, ಇಲ್ಲಿ ನಿನ್ನನ್ನು ಕೇಳುತ್ತಿದ್ದೇನೆ ಎಂದೆ.

“ಸಾರ್ ಹೆದ್ರವ್ರೆ ಮಿಸ್. ಕುಣಿಗಲ್ ಕೆರೆ ಏರಿ ಮ್ಯಾಲೆ ಹಿಂಗಾಯ್ತು ಅಂತ ಎಲ್ಲ ಹೇಳಿದ್ರು. ಅವ್ಳು ಹತ್ತೋಕಾಗ್ದಂಗೆ ಮಾಡ್ಕೊಡು, ನಾನು ಬಾಯ್ಬಿಟ್ಟು ಬೇಡ ಅನ್ನಕ್ಕಾಗಲ್ಲ ಅಂದ್ರು.”

ಅವನು ಇನ್ನೂ ಏನೋ ಹೇಳುತ್ತಿದ್ದ, ನನಗೂ ಇಷ್ಟವಿರಲಿಲ್ಲ, ಎರಡು ದಿನ ಆಗಲ್ಲ ಅಂದೆ ಎಂದು. ನನ್ನ ಕಿವಿ ಕುಣಿಗಲ್ ಕೆರೆ ಏರಿಯಲ್ಲೇ ನಿಂತುಬಿಟ್ಟಿತ್ತು.

ವಾಪಸ್ ಬರುವಾಗ ಆಟೋದಲ್ಲಿ ಆ ಭಾವನೆಗೆ ಒಂದು ಹೆಸರು ಹುಡುಕಿದೆ. ದ್ರೋಹ ಎಂದರೆ ದೊಡ್ಡ ಮಾತು, ರಾಜ್ಯ ಕಳೆದುಕೊಂಡವರು ಆಡುವ ಮಾತು. ಮೋಸ ಎಂದರೆ ತಕ್ಕಡಿ ಹಿಡಿದವನು ಮಾಡುವಂಥದ್ದು. ಇಂಗ್ಲಿಷಿನಲ್ಲಿ ಲೆಟ್ ಡೌನ್ ಎನ್ನುತ್ತಾರೆ. ನನ್ನನ್ನು ನಾಲ್ಕು ಇಂಚು ಮೇಲಕ್ಕೆತ್ತಿ ಲೆಟ್ ಡೌನ್ ಮಾಡಿದ್ದರು. ಯಾವುದೂ ಸರಿಹೋಗಲಿಲ್ಲ. ನನ್ನ ಕಣ್ಣು ಮುಚ್ಚಿದ ಆ ಒಂದು ಗಳಿಗೆ ನಮ್ಮಿಬ್ಬರದು ಎಂದು ತಿಳಿದಿದ್ದೆ. ಅದನ್ನು ಅವರು ವರ್ಕ್‌ಶಾಪಿನ ಗ್ರೀಸ್ ಡಬ್ಬಗಳ ನಡುವೆ ಬಿಚ್ಚಿ ತೋರಿಸಿದ್ದರು.

ಮಧ್ಯಾಹ್ನ ಮುದ್ದೆ ಬಡಿಸಿ, ಸಾರು ಬಿಟ್ಟು, ಎದುರಿಗೆ ಕೂತೆ. ಹಿರೇಹಳ್ಳಿಗೆ ಹೋಗಿದ್ದೆ ಎಂದೆ. ಅವರ ಕೈ ಮುದ್ದೆಯ ಮೇಲೇ ನಿಂತಿತು.

“ನಾನೇನು ಸುಳ್ಳು ಹೇಳ್ಲಿಲ್ಲ ಕಣೇ,” ಎಂದರು. “ದೊಡ್ಡ ಟೈರ್ ಹಾಕ್ಸೋಣ ಅಂದೆ. ಹಾಕ್ಸಿದೆ.”

“ಸ್ಟೇರಿಂಗ್ ಆಣೆ ಏನಾಯ್ತು?”

“ಅವ್ನು ಮೆಕ್ಯಾನಿಕ್ಕು. ಡಾಕ್ಟ್ರಿಗೆ ಹೇಳ್ದಂಗೆ.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಸಿಸ್ಟರ್ ಒಬ್ಬರು ಕ್ಯಾಟಕಿಸಂ, ಅಂದರೆ ಕ್ರೈಸ್ತ ಧರ್ಮದ ಪಾಠದ ಕ್ಲಾಸಿನಲ್ಲಿ ಹೇಳುತ್ತಿದ್ದರು, ಮಾಡಿ ಕಟ್ಟಿಕೊಳ್ಳುವ ಪಾಪ ಒಂದು, ಮಾಡಬೇಕಾದ್ದನ್ನು ಬಿಟ್ಟು ಕಟ್ಟಿಕೊಳ್ಳುವ ಪಾಪ ಇನ್ನೊಂದು, ಸಿನ್ ಆಫ್ ಒಮಿಷನ್. ನಾವು ಹಿಂದೂ ಹುಡುಗಿಯರು ಆ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕಸೂತಿ ಹಾಕುತ್ತಿದ್ದೆವು. ಅರವತ್ತು ವರ್ಷದ ಮೇಲೆ ಆ ಪಾಠ ನನಗೆ ಅರ್ಥವಾಯಿತು.

“ನಿಮ್ಮ ಕಣ್ಣು ಹೋದಾಗ ನಾನು ನಿಮ್ಮ ಕನ್ನಡಕ ಬಚ್ಚಿಟ್ಟಿದ್ನಾ?” ಎಂದು ಕೇಳಿದೆ. “ಎದುರಿಗೆ ಕೂತು ಹೇಳ್ಲಿಲ್ವಾ?”

ಸಾರು ಆರಿ ಅಂಚಿಗೆ ಕೆನೆ ಕಟ್ಟಿತು.

“ಅವತ್ತು ನಿನ್ನ ಕಣ್ಣು ಮುಚ್ಚಿತ್ತು. ನಂದು ತೆರೆದಿತ್ತು. ಈ ಕಣ್ಣಿಗೆ ಬೇರೇನೂ ಕಾಣಲ್ಲ, ಆ ನೀರು ಮಾತ್ರ ಕಾಣ್ತು. ಹೇಳಿದ್ರೆ ನೀನು ಕೇಳ್ತಿದ್ಯಾ?”

ಕೇಳುತ್ತಿದ್ದೆ ಎಂದು ನಾನು ಕೂಡಲೇ ಹೇಳಬೇಕಿತ್ತು. ಕೇಳುತ್ತಿದ್ದೆನೇ ಎಂಬುದು ಈಗ ಬರೆಯುವಾಗಲೂ ಗೊತ್ತಿಲ್ಲ. ಎರಡು ದಿನ ಮಾತು ಬಿಡುತ್ತಿದ್ದೆ, ಅದು ಖಂಡಿತ. ಮೂರನೆಯ ದಿನ ಕಾಫಿ ಲೋಟದ ಪಕ್ಕ ಕೀ ಇಡುತ್ತಿದ್ದೆನೋ ಇಲ್ಲವೋ. ಆದರೆ ಇಡುವ ಕೈ ನನ್ನದಾಗಿರುತ್ತಿತ್ತು. ಅವರು ಹೆದರಿದ್ದು ತಪ್ಪೆಂದು ನಾನು ಎಂದೂ ಅಂದುಕೊಳ್ಳಲಿಲ್ಲ. ಹೆದರಿಕೆಯನ್ನು ನನಗೆ ಹೇಳದೆ ಮೆಟ್ಟಿಲು ಕೊಯ್ಯುವ ಗ್ಯಾಸ್ ಕಟರ್‌ಗೆ ಹೇಳಿದರಲ್ಲ.

ಆ ಸಾಯಂಕಾಲ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಬೇರೇನೂ ಬೇಡ, ಬಂದು ಗಾಡಿಯ ಬಲಗಡೆಯನ್ನು ಜಗಲಿಗೆ ಒತ್ತಿ ನಿಲ್ಲಿಸಿ ಹೋಗು ಎಂದೆ. ಅವನು ಕತ್ತಲಾಗುವ ಮುಂಚೆ ಬಂದು, ನಡುವೆ ಒಂದು ಕೈಯಗಲ ಬಿಟ್ಟು ನಿಲ್ಲಿಸಿ, ಕೀಯನ್ನು ನನ್ನ ಕೈಗೇ ಕೊಟ್ಟು ಹೋದ.

ಬೆಳಿಗ್ಗೆ ಆರೂವರೆಗೆ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಜಗಲಿಗೆ ಬಂದೆ. ಜಗಲಿ ಎರಡು ಅಡಿ ನಾಲ್ಕು ಇಂಚು, ಜೀಪು ಎರಡು ಅಡಿ ನಾಲ್ಕು ಇಂಚು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೊಸಿಲು ದಾಟಿದ ಹಾಗೆ ಸೀಟಿಗೆ ದಾಟಿದೆ. ನನ್ನನ್ನು ತಡೆಯಲು ಅವರು ಏರಿಸಿದ ಎತ್ತರವೇ ನನಗೆ ದಾರಿಯಾಗಿತ್ತು.

ಸದ್ದು ಕೇಳಿ ಯಜಮಾನರು ಹೊರಗೆ ಬಂದರು. ಒಳಬನಿಯನ್, ಕೈಯಲ್ಲಿ ಕೋಲು. ನನ್ನನ್ನು ನೋಡಿದರು, ಜಗಲಿಯನ್ನು ನೋಡಿದರು. ಇಂಜಿನಿಯರ್ ಅಲ್ಲವೇ, ಕೂಡಲೇ ಅರ್ಥವಾಯಿತು.

“ನಾನೂ ಬರ್ಲೇನೇ?”

ನಾನು ಫ್ಲಾಸ್ಕನ್ನು ಎಡಗಡೆಯ ಸೀಟಿನಲ್ಲಿಟ್ಟೆ. ಅವರು ಜಗಲಿಯ ಮೆಟ್ಟಿಲಿಳಿದು, ಬಾನೆಟ್ ಹಿಡಿದುಕೊಂಡು, ಸುತ್ತಿ ಎಡಗಡೆಗೆ ಬಂದರು. ಕಂಬಿ ಹಿಡಿದು ಕಾಲೆತ್ತಿದರು. ಅಲ್ಲಿಯೂ ಮೆಟ್ಟಿಲಿರಲಿಲ್ಲ. ನನ್ನದನ್ನು ಕೊಯ್ಯಲು ಹೇಳಿದಾಗ, ಜೋಡಿಯೆಂದು ತಮ್ಮದೂ ಹೋಗುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅವರ ಕಾಲೂ ಗಾಳಿಯಲ್ಲಿ ಆಡಿತು. ಮತ್ತೆ ಸುತ್ತಿ ಜಗಲಿಗೆ ಬಂದು ನಿಂತರು. ನಾನು ಸ್ವಲ್ಪ ಸರಿದು, ಗೇರ್ ರಾಡ್ ದಾಟಿ ಆ ಕಡೆ ಕೂತು ದಾರಿ ಬಿಟ್ಟಿದ್ದರೆ ಅವರು ನನ್ನ ಕಡೆಯಿಂದಲೇ ಒಳಗೆ ಬಂದುಬಿಡಬಹುದಿತ್ತು. ಮಳೆಯಲ್ಲಿ ಹಾಗೆ ಎಷ್ಟೋ ಸಲ ಮಾಡಿದ್ದೇವೆ.

ನಾನು ಸರಿಯಲಿಲ್ಲ. ಸೆಲ್ಫ್ ಹೊಡೆದೆ.

ಸ್ಟೇರಿಂಗ್ ನಿಜಕ್ಕೂ ಭಾರವಾಗಿತ್ತು. ಗುಬ್ಬಿ ದಾಟುವಷ್ಟರಲ್ಲಿ ಮಣಿಕಟ್ಟು ನೋಯತೊಡಗಿತು. ಎರಡು ಕಡೆ ನಿಲ್ಲಿಸಿ ಕಾಫಿ ಕುಡಿದೆ, ಕೂತಲ್ಲೇ. ಎಡಗಡೆಯ ಸೀಟಿನಲ್ಲಿ ಫ್ಲಾಸ್ಕ್ ಉರುಳಾಡುತ್ತಿತ್ತು. ತಿರುವು ಬಂದಾಗೆಲ್ಲ ‘ನಿಧಾನ, ನಿಧಾನ’ ಎನ್ನುವ ಸ್ವರ ಬರಲಿಲ್ಲ. ಅದಿಲ್ಲದೆ ಎಷ್ಟು ಆರಾಮ ಎಂದು ಮೊದಲರ್ಧ ದಾರಿ ಅಂದುಕೊಂಡೆ. ಹೊಸ ಟೈರ್ ಒಂದು ಕೆಲಸವನ್ನಂತೂ ಸರಿಯಾಗಿ ಮಾಡಿತು. ತೋಟದ ದಾರಿಯ ದಿಬ್ಬದ ಮೇಲೆ ಹೊಟ್ಟೆ ತಾಗಲಿಲ್ಲ, ಕರಕರ ಎನ್ನಲಿಲ್ಲ.

ತೋಟದ ಗೇಟು ಮುಚ್ಚಿತ್ತು. ಇಳಿದು ತೆಗೆಯಬೇಕು. ಇಳಿದರೆ ಮತ್ತೆ ಹತ್ತುವುದು ಹೇಗೆ? ಅಲ್ಲಿ ಜಗಲಿಯಿಲ್ಲ. ಹಾರನ್ ಮಾಡಿದೆ. ತೋಟ ನೋಡಿಕೊಳ್ಳುವ ಹೆಂಗಸು ಬದುವಿನ ಮೇಲಿಂದ ಸೆರಗು ಸಿಕ್ಕಿಸಿಕೊಂಡು ಬಂದಳು.

“ಇದೇನ್ ಜೀಪಮ್ಮ, ಗಾಡಿ ಆನೆಯಾಗೈತೆ. ಇಳೀರಿ, ಯಜಮಾನ್ರೆಲ್ಲಿ?”

ಬರಲಿಲ್ಲ ಎಂದೆ. ಕಾಯಿ ಕೀಳುವ ಏಣಿಯಿದೆ, ತರಲೇ ಎಂದು ಅವಳು ತಮಾಷೆಗೆ ಕೇಳಿದಳು. ಬೇಡ, ನೋಡಿ ಹೋಗಲು ಬಂದೆ ಎಂದೆ. ಎಂಜಿನ್ ಆರಿಸಿ, ಗೇಟಿನ ಈಚೆಯಿಂದ, ಸೀಟಿನ ಮೇಲಿಂದಲೇ ತೋಟ ನೋಡಿದೆ. ಅಷ್ಟೆತ್ತರದಿಂದ ಮೊದಲ ಸಾಲಿನ ಮರಗಳ ಆಚೆಯ ಸಾಲೂ ಕಾಣುತ್ತಿತ್ತು. ಕಾಲು ಮಾತ್ರ ಆ ಮಣ್ಣಿಗೆ ತಾಗಲಿಲ್ಲ. ಅವಳು ಎರಡು ಎಳನೀರು ಕೆತ್ತಿ ಕೈಗೆ ನೀಡಿದಳು. ಒಂದನ್ನು ಕುಡಿದೆ. ಇನ್ನೊಂದು ಯಾರಿಗೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ಎಡಗಡೆಯ ಸೀಟಿನಲ್ಲಿ ಇಟ್ಟುಕೊಂಡು ಗಾಡಿ ತಿರುಗಿಸಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಅದು ಚೆಲ್ಲಿ ಹೋಗಿತ್ತು.

ಹತ್ತೂಮುಕ್ಕಾಲಿಗೆ ಮನೆ. ಯಜಮಾನರು ಅದೇ ಜಗಲಿಯ ಮೇಲೆ, ಈಗ ಷರಟು ಹಾಕಿಕೊಂಡು ಕೂತಿದ್ದರು. ನಾನು ಗೇಟಿನೊಳಗೆ ತಿರುಗಿಸಿದ ಕೂಡಲೇ ಎದ್ದು, ಕೈ ಬೀಸಿ, “ಬರ್ಲಿ, ಬರ್ಲಿ,” ಎನ್ನತೊಡಗಿದರು. ಜಗಲಿಗೂ ಗಾಡಿಗೂ ಇರುವ ಜಾಗ ಅವರ ಕಣ್ಣಿಗೆ ಕಾಣುವುದಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಅವರು ಸಾಕು ಎಂದ ಮೇಲೆ ಇನ್ನೊಂದು ಗೇಣು ಒತ್ತಿ ನಿಲ್ಲಿಸಿದೆ.

“ಎಷ್ಟಾಯ್ತು?” ಎಂದರು.

ಮೀಟರ್ ನೋಡಿದೆ. “ಎಂಬತ್ತೇಳು.”

ಟೈರ್ ದೊಡ್ಡದಾದರೆ ಅದು ಒಂದು ಸುತ್ತಿಗೆ ಹೆಚ್ಚು ದಾರಿ ತುಳಿಯುತ್ತದೆ, ಮೀಟರ್ ಹಳೆಯ ಟೈರಿನ ಲೆಕ್ಕವನ್ನೇ ಹಿಡಿದು ಕೂತಿರುತ್ತದೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಅವರು.

“ಮೀಟರ್ ಸುಳ್ಳು ಹೇಳ್ತಿದೆ,” ಎಂದರು.

“ಸುಳ್ಳೇನೂ ಹೇಳ್ತಿಲ್ಲ,” ಎಂದೆ. “ಒಂಬತ್ತು ಕಿಲೋಮೀಟರ್ ಬಿಟ್ಟು ಹೇಳ್ತಿದೆ.”

ಅವರು ಕೈ ಚಾಚಿದರು. ನಾನು ಬಾಗಿಲ ಕಂಬಿ ಹಿಡಿದುಕೊಂಡು ಜಗಲಿಗೆ ದಾಟಿದೆ.